ಹಳೆಯ ಹೋಟೆಲು, ಹೊಸ ಒಡೆತನ: ವಿನ್ಸ್‌ಲೊ ಪಟ್ಟಣದ ಪಾಠ

ಮುಚ್ಚಿಹೋದ ಹಳೆಯ ಹೋಟೆಲೊಂದು ಕಡಿಮೆ ಬೆಲೆಗೆ ದೊರೆತಾಗ ಅದನ್ನು ಲಾಭದ ವ್ಯವಹಾರವೆಂದು ಭಾವಿಸುವುದು ಸಹಜ. ಆದರೆ ಇಂತಹ ಆಸ್ತಿಯ ಕ್ರಯದ ಬೆಲೆಯು ತೊಡಗಿಸಬೇಕಾದ ಒಟ್ಟು ಬಂಡವಾಳದ ಅಲ್ಪ ಭಾಗ ಮಾತ್ರ. ಉಳಿದ ಹಣವನ್ನು ಯಾವ ಮೂಲದಿಂದ, ಯಾವ ಕ್ರಮದಲ್ಲಿ ಹೂಡಲಾಗುತ್ತದೆ ಎಂಬುದರ ಮೇಲೆ ಉದ್ಯಮದ ಅಳಿವು ಉಳಿವು ನಿಂತಿರುತ್ತದೆ. ಅಮೆರಿಕದ ಅರಿಜೋನ ರಾಜ್ಯದ ವಿನ್ಸ್‌ಲೊ ಪಟ್ಟಣದಲ್ಲಿರುವ 'ಲಾ ಪೊಸಾಡಾ' ಹೋಟೆಲಿನ ಪುನರುಜ್ಜೀವನವು ಇದಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ವಿನ್ಸ್‌ಲೊ ಸಾಂಟಾ ಫೆ ರೈಲುಮಾರ್ಗದ ಮೇಲೆ ಬೆಳೆದ ಊರು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 9 ಸಾವಿರ. ರೈಲು ಪ್ರಯಾಣಿಕರಿಗೆ ಊಟ, ವಸತಿ ಒದಗಿಸುತ್ತಿದ್ದ ಫ್ರೆಡ್ ಹಾರ್ವೆ ಸಂಸ್ಥೆಗಾಗಿ ವಾಸ್ತುಶಿಲ್ಪಿ ಮೇರಿ ಕೋಲ್ಟರ್ ರೂಪಿಸಿದ ಈ ಹೋಟೆಲು 1930ರ ಮೇ ತಿಂಗಳಿನಲ್ಲಿ ಆರಂಭವಾಯಿತು. ಆಗಲೇ ಮಹಾ ಆರ್ಥಿಕ ಕುಸಿತ ತಲೆದೋರಿತ್ತು. ಮುಂದೆ ರೈಲು ಪ್ರಯಾಣಿಕರ ಸಂಖ್ಯೆಯೂ ಇಳಿಮುಖವಾಗಿ 1957ರಲ್ಲಿ ಹೋಟೆಲು ಮುಚ್ಚಿತು. ಪೀಠೋಪಕರಣಗಳು ಹರಾಜಾದವು. ಕಟ್ಟಡವು ರೈಲ್ವೆ ಕಚೇರಿಯಾಗಿ ಮಾರ್ಪಟ್ಟಿತು. 1970ರ ದಶಕದ ಕೊನೆಯ ವೇಳೆಗೆ ಹೊಸ ಹೆದ್ದಾರಿಯು ಊರನ್ನು ಬಳಸಿಕೊಂಡು ಹೋದುದರಿಂದ ಪೇಟೆಯ ವ್ಯಾಪಾರವೂ ಸೊರಗಿತು.

ಹೊಸ ಒಡೆಯರ ಕ್ರಮ

1997ರಲ್ಲಿ ಅಲನ್ ಅಫೆಲ್ಟ್ ಈ ಆಸ್ತಿಯನ್ನು ಕೊಂಡರು. ಹೋಟೆಲು ಉದ್ಯಮದ ಪೂರ್ವಾನುಭವ ಅವರಿಗಿರಲಿಲ್ಲ. ಕಾನೂನು ಮತ್ತು ಪರಿಸರ ಹೊಣೆಗಾರಿಕೆಯ ತೊಡಕುಗಳಿಂದಾಗಿ ರೈಲ್ವೆ ಸಂಸ್ಥೆಯೊಡನೆ ಮಾತುಕತೆಗೇ ಸುಮಾರು ಮೂರು ವರ್ಷ ಹಿಡಿದಿತ್ತು. ಕ್ರಯದ ಮೊತ್ತಕ್ಕಿಂತ ದುರಸ್ತಿಯ ವೆಚ್ಚ ಹಲವು ಪಟ್ಟು ಹೆಚ್ಚಾಯಿತು.

ಅಫೆಲ್ಟ್ ಇಡೀ ಕಟ್ಟಡ ಸಿದ್ಧವಾಗುವವರೆಗೆ ಕಾಯಲಿಲ್ಲ. ಅವರೂ, ಕಲಾವಿದೆಯಾದ ಪತ್ನಿ ಟೀನಾ ಮಿಯಾನ್ ಅವರೂ ಅಲ್ಲಿಯೇ ವಾಸವಾಗಿ, ಮೊದಲು ಕೆಲವೇ ಕೋಣೆಗಳನ್ನು ಅತಿಥಿಗಳಿಗೆ ತೆರೆದು, ಉಳಿದವನ್ನು ಹಂತಹಂತವಾಗಿ ಸರಿಪಡಿಸಿದರು. 2000ರಲ್ಲಿ ಬಾಣಸಿಗ ಜಾನ್ ಶಾರ್ಪ್ ಅಲ್ಲಿ 'ಟರ್ಕೋಯ್ಸ್ ರೂಮ್' ಎಂಬ ಉಪಾಹಾರ ಗೃಹವನ್ನು ಆರಂಭಿಸಿದರು. ಕೋಣೆಗಳಲ್ಲಿ ತಂಗದ ದಾರಿಹೋಕರೂ ಊಟಕ್ಕೆ ಬರುವಂತಾಗಿ, ವಸತಿಯ ಬಾಡಿಗೆಯೊಂದನ್ನೇ ನೆಚ್ಚಿಕೊಳ್ಳುವ ಸ್ಥಿತಿ ತಪ್ಪಿತು.

ತೆರಿಗೆ ರಿಯಾಯಿತಿಯ ಲೆಕ್ಕ

ಅಫೆಲ್ಟ್ 2014ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ವೇಗಸ್ ಪಟ್ಟಣದ 'ಕಾಸ್ಟನ್ಯೇಡಾ' ಹೋಟೆಲನ್ನು ಕೊಂಡರು. 1898ರಲ್ಲಿ ಕಟ್ಟಲಾದ ಈ ಹೋಟೆಲು 1948ರಲ್ಲಿ ಮುಚ್ಚಿದ್ದು, 2019ರಲ್ಲಿ ಮತ್ತೆ ತೆರೆಯಿತು. ಈ ಕಾಮಗಾರಿಗೆ ಐತಿಹಾಸಿಕ ಕಟ್ಟಡಗಳ ತೆರಿಗೆ ರಿಯಾಯಿತಿ ನೆರವಾಯಿತು.

ಅಮೆರಿಕದ ಕಾಯಿದೆಯಂತೆ, ಆದಾಯ ತರುವ ಐತಿಹಾಸಿಕ ಕಟ್ಟಡದ ಅರ್ಹ ದುರಸ್ತಿ ವೆಚ್ಚದ ಶೇ. 20ರಷ್ಟನ್ನು, ಆದಾಯದಿಂದಲ್ಲ, ತೆರಬೇಕಾದ ತೆರಿಗೆಯಿಂದಲೇ ಕಳೆಯಬಹುದು. ಕಾಮಗಾರಿಯು ನಿಗದಿತ ಮಾನದಂಡಗಳಿಗೆ ಅನುಗುಣವಾಗಿರಬೇಕು. ದುರಸ್ತಿ ವೆಚ್ಚವು ಸಾಮಾನ್ಯವಾಗಿ 24 ತಿಂಗಳ ಅವಧಿಯಲ್ಲಿ ಕಟ್ಟಡದ ಲೆಕ್ಕದ ಮೌಲ್ಯವನ್ನು ಮೀರಬೇಕು. ಮೊದಲೇ ಯೋಜಿಸಿದ ಹಂತಹಂತದ ಕಾಮಗಾರಿಗೆ 60 ತಿಂಗಳ ಅವಕಾಶವಿದೆ. ಐದು ವರ್ಷದೊಳಗೆ ಆಸ್ತಿಯನ್ನು ಮಾರಿದರೆ ರಿಯಾಯಿತಿಯ ಭಾಗವನ್ನು ಹಿಂದಿರುಗಿಸಬೇಕಾಗುತ್ತದೆ.

2017ರ ತಿದ್ದುಪಡಿಯ ನಂತರ ಈ ರಿಯಾಯಿತಿಯನ್ನು ಐದು ವರ್ಷಗಳಿಗೆ ಸಮನಾಗಿ ಹಂಚಲಾಗಿದೆ. ಅಂದರೆ 100 ರೂಪಾಯಿ ವ್ಯಯಿಸಿದವನಿಗೆ ಕಟ್ಟಡ ಬಳಕೆಗೆ ಬಂದ ವರ್ಷದಿಂದ ವರ್ಷಕ್ಕೆ 4 ರೂಪಾಯಿಯಂತೆ ದೊರೆತಂತೆ. ಗುತ್ತಿಗೆದಾರನಿಗಾದರೋ ಪೂರ್ಣ ಹಣವನ್ನು ಮೊದಲೇ ಪಾವತಿಸಬೇಕು. ನಡುವಿನ ಕಾಲದ ಸಾಲ ಮತ್ತು ಬಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು ರಿಯಾಯಿತಿ ಮಂಜೂರಾದರೂ ಹಣದ ಮುಗ್ಗಟ್ಟಿಗೆ ಸಿಲುಕುತ್ತಾನೆ.

ಗಮನಿಸಬೇಕಾದ ಅಂಶಗಳು

1. ಕ್ರಯಕ್ಕೆ ಮುನ್ನವೇ ಚಾವಣಿ, ತಳಪಾಯ, ಕೊಳಾಯಿ, ವಿದ್ಯುತ್ ವ್ಯವಸ್ಥೆಗಳನ್ನು ಅನುಭವಿ ಇಂಜಿನಿಯರರಿಂದ ಪರೀಕ್ಷಿಸಿ ಅಂದಾಜು ಪಟ್ಟಿ ಪಡೆಯಬೇಕು.

2. ಹಳೆಯ ಕಾಲದ ಸಣ್ಣ ಕೋಣೆಗಳಿಗೆ ಸ್ನಾನಗೃಹ ಸೇರಿಸುವಾಗ ಕೋಣೆಗಳ ಸಂಖ್ಯೆ ತಗ್ಗುತ್ತದೆ. ಕಾಸ್ಟನ್ಯೇಡಾದಲ್ಲಿಯೂ ಕೋಣೆಗಳನ್ನು ಕೂಡಿಸಲಾಯಿತು. ಆದಾಯದ ಅಂದಾಜನ್ನು ಉಳಿಯುವ ಕೋಣೆಗಳ ಮೇಲೆ ಮಾಡಬೇಕೇ ಹೊರತು ಹಿಂದೆ ಇದ್ದ ಕೋಣೆಗಳ ಮೇಲಲ್ಲ.

3. ಒಂದು ಭಾಗವನ್ನು ಬೇಗ ಸಿದ್ಧಪಡಿಸಿ ಆದಾಯ ಆರಂಭಿಸಬೇಕು. ಆದರೆ ಅಗ್ನಿ ಸುರಕ್ಷತೆಯ ಕಾರ್ಯವನ್ನು ಮುಂದೂಡಲಾಗದು.

4. ಕಟ್ಟಡದ ವಿಶಿಷ್ಟತೆಯೇ ಅದರ ಸರಕು. ಅದನ್ನು ಕೆಡವಿ ಎಲ್ಲೆಡೆ ದೊರೆಯುವ ಮಾದರಿಯ ಕೋಣೆ ನಿರ್ಮಿಸಿದರೆ ಅತಿಥಿಯು ದೂರದಿಂದ ಬರುವ ಕಾರಣವೇ ಇಲ್ಲವಾಗುತ್ತದೆ.

ಲಾ ಪೊಸಾಡಾದಲ್ಲಿ ಇಂದು ಐವತ್ತಕ್ಕೂ ಹೆಚ್ಚು ಕೋಣೆಗಳಿವೆ. ರೈಲ್ವೆ ಸಂಸ್ಥೆಗೆ ಬೇಡವಾಗಿದ್ದ ಕಟ್ಟಡವು ಊರಿಗೆ ಮತ್ತೆ ಉದ್ಯೋಗವನ್ನೂ ಪ್ರವಾಸಿಗರನ್ನೂ ತಂದಿದೆ. ಕೊಳ್ಳುವ ಶಕ್ತಿಯ ಜೊತೆಗೆ ಕಾಯುವ ಶಕ್ತಿಯೂ ಇರುವ ಉದ್ಯಮಿಗೆ ಮಾತ್ರ ಇಂತಹ ಆಸ್ತಿ ಸಲ್ಲುತ್ತದೆ.