ಹಿರೇಮದ್ದೂ ಮದ್ದೇ

ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪಿನದು. ನನ್ನ ಬೆಂಗಳೂರು ಕಾಳಗ ನಡೆಯುತ್ತಿದ್ದದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ದಿನಕ್ಕೆರಡು ಸಲ. ಬೊಮ್ಮನಹಳ್ಳಿ ದಾಟಿ ಜಯನಗರದ ಆಫೀಸು ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ನನ್ನದು ಲೆಕ್ಕ ಬರೆಯುವ ಕೆಲಸ. ಪ್ರತಿ ತಿಂಗಳ 20ಕ್ಕೆ ಜಿಎಸ್‌ಟಿ ರಿಟರ್ನ್. 15 ದಾಟಿತೆಂದರೆ ನಿದ್ದೆ ಹಾರಿಹೋಗುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರವಾಗಿ, ತಾಳೆಯಾಗದ ಇನ್‌ವಾಯ್ಸುಗಳನ್ನು ಸೂರು ನೋಡುತ್ತಾ ಕೂಡುತ್ತಿದ್ದೆ.

ಪಕ್ಕದ ಮೇಜಿನ ಹುಡುಗಿ ಒಂದು ಡಬ್ಬ ಕೊಟ್ಟಳು. ಅಶ್ವಗಂಧದ ಟೀ ಬ್ಯಾಗು. ‘ಒತ್ತಡಕ್ಕೆ ತುಂಬಾ ಒಳ್ಳೇದಂತೆ ಮೇಡಂ, ನ್ಯಾಚುರಲ್ಲು.’ ಎರಡು ವಾರ ಕುಡಿದೆ. ಪುದೀನ, ಏಲಕ್ಕಿ, ಜ್ಯೇಷ್ಠಮಧುವಿನ ಘಮದ ನಡುವೆ ಅಶ್ವಗಂಧ ಎಲ್ಲಿದೆಯೋ ತಿಳಿಯಲಿಲ್ಲ. ಒಂದು ಚೀಲದಲ್ಲಿ ಬೇರು ಎಷ್ಟು ಎಂದು ಡಬ್ಬದ ಮೇಲೂ ಇರಲಿಲ್ಲ.

ಕೋಲಾರದ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟರು. ‘ಚೀಲ ಅದ್ದಿದ ನೀರಿಗೆ ನಿದ್ದೆ ಬರತ್ತೇನೆ? ಹಿರೇಮದ್ದಿನ ಬೇರು ತಂದು ಹಾಲಲ್ಲಿ ಕುದಿಸು.’ ಅಶ್ವಗಂಧಕ್ಕೆ ನಮ್ಮಲ್ಲಿ ಹಿರೇಮದ್ದು ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಆವತ್ತು.

ಗ್ರಂಧಿಗೆ ಅಂಗಡಿಯಿಂದ ನೂರು ಗ್ರಾಂ ತಂದೆ. ಕಿರುಬೆರಳ ಗಾತ್ರದ ಮಣ್ಣುಬಣ್ಣದ ಬೇರು. ಮುರಿದರೆ ಟಕ್ ಎಂದು ತುಂಡಾಗಿ ಒಳಗೆ ಬಿಳಿ ಹಿಟ್ಟಿನಂತೆ ಕಾಣುತ್ತದೆ. ಮೂಗಿಗೆ ಹಿಡಿದರೆ ಜಟಕಾಬಂಡಿ ನಿಲ್ಲಿಸಿದ ಜಾಗದ ವಾಸನೆ. ಅಶ್ವಗಂಧ ಎಂದು ಸುಮ್ಮನೆ ಹೆಸರಿಟ್ಟಿಲ್ಲ. ಆಯುರ್ವೇದದಲ್ಲಿ ಇದಕ್ಕೆ ಕ್ಷೀರಪಾಕ ಎನ್ನುತ್ತಾರೆ: ಬೇರು ಒಂದು ಪಾಲು, ಹಾಲು ಎಂಟು, ನೀರು ಮೂವತ್ತೆರಡು. ಐದು ಗ್ರಾಂ ಕುಟ್ಟಿದ ಬೇರಿಗೆ 40 ಮಿಲಿ ಹಾಲು, 160 ಮಿಲಿ ನೀರು. ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವವರೆಗೆ ಸಣ್ಣ ಉರಿ. ಬೇರಿನ ಮುಖ್ಯ ಸತ್ವವಾದ ವಿಥನೊಲೈಡ್‌ಗಳು ಬರಿಯ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ ಎಂದು ಆಮೇಲೆ ಓದಿದೆ. ಚಿಕ್ಕಮ್ಮ ನಕ್ಕದ್ದು ಸರಿಯಾಗಿಯೇ ಇತ್ತು.

ಮೊದಲ ಗುಟುಕಿಗೆ ಕಹಿ, ಆಮೇಲೆ ಒಗರು. ಬೆಲ್ಲ ಹಾಕಿಕೊಂಡು ಕುಡಿದೆ. ಸಂಜೆ ಐದರ ಸ್ಟ್ರಾಂಗ್ ಕಾಫಿಯನ್ನೂ ಬಿಟ್ಟೆ. ಮೂರನೇ ವಾರಕ್ಕೆ ರಾತ್ರಿ ಎರಡರ ಎಚ್ಚರ ನಿಂತಿತು. ಬೇರಿನಿಂದಲೋ, ಕಾಫಿ ಬಿಟ್ಟದ್ದರಿಂದಲೋ? ಎರಡನ್ನೂ ಒಂದೇ ದಿನ ಶುರುಮಾಡಿದ್ದೆ. ಖಾತೆ ಬೇರೆ ಮಾಡುವ ಹಾಗಿಲ್ಲ. ಆದರೆ ಕೀರ್ತಿಯನ್ನೆಲ್ಲ ಬೇರಿಗೇ ಕೊಟ್ಟು ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. 2012ರ ಒಂದು ಅಧ್ಯಯನವನ್ನೂ ಪುರಾವೆಯಾಗಿ ತೋರಿಸಿದೆ: 64 ಜನ, 60 ದಿನ, ಒತ್ತಡ ಕಡಿಮೆಯಾಗಿತ್ತು. ಅವರಿಗೆ ಕೊಟ್ಟದ್ದು ಟೀ ಅಲ್ಲ, ಹಾಲೂ ಅಲ್ಲ, 300 ಮಿಲಿಗ್ರಾಂ ಬೇರಿನ ಸಾರ, ದಿನಕ್ಕೆರಡು ಸಲ ಎಂಬ ಸಾಲನ್ನು ನಾನೇ ಓದಿರಲಿಲ್ಲ.

ಆರನೇ ವಾರ ಎದೆ ಡವಗುಟ್ಟತೊಡಗಿತು. ಬೇಗೂರು ಕೆರೆಯ ಸುತ್ತ ನಿಧಾನವಾಗಿ ನಡೆದರೂ ಓಡಿಬಂದವಳಂತೆ ಏದುಸಿರು. ಅಂಗೈ ಬೆವರು, ಕ್ಯಾಲ್ಕ್ಯುಲೇಟರ್ ಮೇಲೆ ಬೆರಳು ನಡುಗುತ್ತಿತ್ತು. ಟೆನ್ಷನ್ ಜಾಸ್ತಿಯಾಗಿದೆ ಅಂದುಕೊಂಡು ಬೆಳಿಗ್ಗೆಯೂ ಒಂದು ಲೋಟ ಶುರುಮಾಡಿದೆ. ಇಡೀ ಕಥೆಯಲ್ಲಿ ನನ್ನ ಅತಿದೊಡ್ಡ ಪೆದ್ದುತನ ಇದು.

ನನಗೆ ಒಂಬತ್ತು ವರ್ಷದಿಂದ ಥೈರಾಯ್ಡ್ ಕೊರತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಕೊನೆಗೆ ಡಾಕ್ಟರ ಹತ್ತಿರ ಹೋದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 0.2ಕ್ಕೆ ಇಳಿದಿತ್ತು, ಇರಬೇಕಾದದ್ದು ಸುಮಾರು 0.4ರಿಂದ 4. ಅದು ಇಳಿದರೆ ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದೆ ಎಂದರ್ಥ.

‘ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ?’

‘ಇಲ್ಲ ಡಾಕ್ಟ್ರೇ.’

‘ಕಷಾಯ, ಪುಡಿ, ಲೇಹ್ಯ?’

‘ಅದು ಮನೆಮದ್ದು...’

ಅವರು ಪೆನ್ನು ಕೆಳಗಿಟ್ಟರು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನೀವು ಅದೇ ಹಾರ್ಮೋನಿನ ಮಾತ್ರೆ ನುಂಗುತ್ತಿದ್ದೀರಿ. ಎರಡೂ ಸೇರಿದರೆ ಹೀಗಾಗಬಹುದು ಎಂದರು. ಬೇರು ನಿಲ್ಲಿಸಿ, ಮಾತ್ರೆಯ ಪ್ರಮಾಣ ಮುಟ್ಟಬೇಡಿ, ಆರು ವಾರ ಬಿಟ್ಟು ಬನ್ನಿ. ಆರು ವಾರಕ್ಕೆ ಟಿಎಸ್‌ಎಚ್ ತನ್ನ ಜಾಗಕ್ಕೆ ಬಂತು, ಎದೆಬಡಿತವೂ.

ಹಿರೇಮದ್ದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಾನು ಕಲಿತದ್ದು ಅದರ ಹೆಸರಿನಲ್ಲೇ ಇತ್ತು. ಕನ್ನಡದಲ್ಲಿ ಕಾಯಿಲೆ ವಾಸಿಮಾಡುವುದೂ ಮದ್ದು, ಬಂಡೆ ಸಿಡಿಸುವುದೂ ಮದ್ದು. ಗುಣ ಬೇಕೆಂದಾಗ ‘ಔಷಧಿ’ ಎಂದು ನಂಬಿ, ಡಾಕ್ಟರ್ ಕೇಳಿದಾಗ ‘ಬರೀ ಕಷಾಯ’ ಎಂದು ಜಾರಿಕೊಂಡರೆ ಲೆಕ್ಕ ತಾಳೆಯಾಗುವುದಿಲ್ಲ. ಬಸುರಿಯರು, ಲಿವರ್ ತೊಂದರೆ ಇರುವವರು, ನಿದ್ದೆ ಮಾತ್ರೆ ನುಂಗುವವರು ಕೇಳದೆ ಇದನ್ನು ಮುಟ್ಟಲೇಬಾರದು. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿಯೇಬಿಟ್ಟಿತು. ನಮ್ಮ ಆಯುಷ್ ಸಚಿವಾಲಯ ಅಷ್ಟು ದೂರ ಹೋಗಿಲ್ಲ; ಆದರೆ ಬೇರು ಬಳಸಿ, ಎಲೆ ಬೇಡ ಎಂದು 2021ರಲ್ಲಿ ತಯಾರಕರಿಗೆ ಹೇಳಿತು.

ಒತ್ತಡ? ಸಂಜೆಯ ಕಾಫಿ ಮತ್ತೆ ಶುರುಮಾಡಲಿಲ್ಲ. ಆಗಸ್ಟ್ 2025ರಲ್ಲಿ ಹಳದಿ ಮೆಟ್ರೊ ಬಂದಮೇಲೆ ಹೊಂಗಸಂದ್ರದಲ್ಲಿ ಹತ್ತಿ ಸಿಲ್ಕ್ ಬೋರ್ಡನ್ನು ಮೇಲಿನಿಂದ ನೋಡುತ್ತಾ ಹೋಗುತ್ತೇನೆ. ನಿದ್ದೆ ಪೂರ್ತಿ ಕೆಟ್ಟ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಿದೆ. ಸೂರಿನ ಹತ್ತಿರ ಹೇಳಿಕೊಳ್ಳುವುದಕ್ಕಿಂತ ಅದು ಮೇಲು.

ಮೊನ್ನೆ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಬರ್ಕೊಳ್ಳೇ’ ಎಂದರು. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಬೆಳಿಗ್ಗೆ ಮೆಂತ್ಯದ ನೀರು, ರಾತ್ರಿ ತ್ರಿಫಲ, ಪಕ್ಕದ ಮನೆಯವರು ಕೊಟ್ಟ ಹೆಸರಿಲ್ಲದ ಯಾವುದೋ ಪುಡಿ. ಡಾಕ್ಟರಿಗೆ ಹೇಳಿರುವುದು ಮೊದಲ ಎರಡನ್ನು ಮಾತ್ರವಂತೆ. ಪಟ್ಟಿ ನನ್ನ ಹತ್ತಿರ ಇದೆ. ಮುಂದಿನ ಸಲ ಅವರ ಜತೆ ನಾನೇ ಹೋಗುತ್ತೇನೆ.