'ಕೆಟ್ಟ ಬೀಜ': ಒಂದು ಭಯಾನಕ ಚಿತ್ರ ಮತ್ತು ನನ್ನ ಅನುವಂಶೀಯತೆಯ ಪಾಠ

ಪಾಠದಲ್ಲಿ ನಡೆದದ್ದು

ಬೋಧನಾಭ್ಯಾಸದ ಮೂರನೇ ವಾರ ಹತ್ತನೇ ತರಗತಿಗೆ 'ಅನುವಂಶೀಯತೆ' ಘಟಕವನ್ನು ತೆಗೆದುಕೊಂಡಿದ್ದೆ. ಮೆಂಡೆಲ್‌ನ ಬಟಾಣಿ ಗಿಡ, ಮೊದಲ ಪೀಳಿಗೆಯಲ್ಲಿ ಮರೆಯಾಗುವ ಗಿಡ್ಡ ಗುಣ, ಎರಡನೆಯದರಲ್ಲಿ 3:1 ಅನುಪಾತ. ಎಲ್ಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಹಾಗಾದ್ರೆ ಕಳ್ಳನ ಮಗ ಕಳ್ಳನೇ ಆಗ್ತಾನಾ?" ತರಗತಿ ನಕ್ಕಿತು. ನಾಲ್ಕೈದು ಮುಖಗಳು ಕೊನೆಯ ಬೆಂಚಿನತ್ತ ತಿರುಗಿದವು. ಅಲ್ಲಿದ್ದ ಹುಡುಗ ತಲೆ ಎತ್ತಲಿಲ್ಲ. "ಅದು ಪಾಠದಲ್ಲಿಲ್ಲ, ಕೂತ್ಕೋ" ಎಂದು ನಾನು ಕಪ್ಪುಹಲಗೆ ಒರೆಸಿದೆ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: "ಆ ಪ್ರಶ್ನೆಗೆ ಉತ್ತರ ಬಾಕಿ ಇದೆ."

ಅದೇ ಪ್ರಶ್ನೆಯ ಮೇಲೆ ನಿಂತ ಚಿತ್ರ

ಆಗ ನೆನಪಾದದ್ದು ಹಾಸ್ಟೆಲಿನಲ್ಲಿ ಗೆಳತಿಯರೊಂದಿಗೆ ನೋಡಿದ್ದ 1956ರ ಅಮೆರಿಕನ್ ಚಿತ್ರ 'ದಿ ಬ್ಯಾಡ್ ಸೀಡ್'. ಹೆಸರಿನ ಅರ್ಥವೇ ಕೆಟ್ಟ ಬೀಜ. ವಿಲಿಯಂ ಮಾರ್ಚ್ ಅವರ 1954ರ ಕಾದಂಬರಿಯ ಕಥೆಯನ್ನು ಮರ್ವಿನ್ ಲೆರಾಯ್ ತೆರೆಗೆ ತಂದರು. ಎಂಟು ವರ್ಷದ ರೋಡಾಳದು ಎರಡು ಜಡೆ, ಶುಭ್ರ ಫ್ರಾಕು, ಹಿರಿಯರಿಗೆ ಬಾಗಿ ವಂದಿಸುವ ವಿನಯ. ಶಾಲೆಯ ಕೈಬರಹದ ಪದಕ ತನಗೆ ಬಾರದೆ ಸಹಪಾಠಿಗೆ ಹೋಯಿತೆಂದು ಪಿಕ್ನಿಕ್‌ನಲ್ಲಿ ಲಾಳ ಬಡಿದ ಬೂಟಿನಿಂದ ಅವನನ್ನು ಹೊಡೆದು ನೀರುಪಾಲು ಮಾಡುತ್ತಾಳೆ. ಮನೆಗೆ ಬಂದು ಏನೂ ಆಗದವಳಂತೆ ಆಟಕ್ಕೆ ಹೋಗುತ್ತಾಳೆ. ಆ ಕೊಲೆಯನ್ನು ತೆರೆಯ ಮೇಲೆ ತೋರಿಸುವುದೇ ಇಲ್ಲ.

ಭಯ ಎಲ್ಲಿಂದ ಹುಟ್ಟುತ್ತದೆ?

'ವಿಲೇಜ್ ಆಫ್ ದಿ ಡ್ಯಾಮ್ಡ್' (1960) ಚಿತ್ರದ ಮಕ್ಕಳ ಕಣ್ಣು ಹೊಳೆಯುತ್ತವೆ. 'ದಿ ಓಮನ್' (1976) ಚಿತ್ರದ ಹುಡುಗನ ತಲೆಯಲ್ಲಿ 666 ಎಂಬ ಗುರುತಿದೆ. ಗುರುತಿದ್ದರೆ ಎಚ್ಚರದಿಂದ ಇರಬಹುದು. ರೋಡಾಳಲ್ಲಿ ಕಾಣುವುದು ಶಿಕ್ಷಕರಾದ ನಾವು 'ಒಳ್ಳೆಯ ಮಗು' ಎಂದು ಮೆಚ್ಚುವ ಲಕ್ಷಣಗಳು ಮಾತ್ರ: ಅಚ್ಚುಕಟ್ಟು, ವಿಧೇಯತೆ, ದುಂಡಕ್ಷರ. ಇವುಗಳಿಂದ ಮಗುವಿನ ಮನಸ್ಸು ತಿಳಿಯುತ್ತದೆ ಎಂಬ ನಮ್ಮ ನಂಬಿಕೆ ಕುಸಿದಾಗ ಭಯ ಹುಟ್ಟುತ್ತದೆ.

ಆ ಭಯ ತಡೆಯಲಾಗದೆ ಚಿತ್ರ ಒಂದು ಕಾರಣ ಹುಡುಕುತ್ತದೆ. ತಾಯಿ ಕ್ರಿಸ್ಟೀನ್‌ಗೆ ತಾನು ದತ್ತುಮಗಳು, ತನ್ನನ್ನು ಹೆತ್ತವಳು ಸರಣಿ ಕೊಲೆಗಾರ್ತಿ ಎಂದು ತಿಳಿಯುತ್ತದೆ. ಬಟಾಣಿಯ ಗಿಡ್ಡ ಗುಣದಂತೆ ಕೇಡು ಒಂದು ತಲೆಮಾರು ಅಡಗಿ ಮೊಮ್ಮಗಳಲ್ಲಿ ಮೇಲೆದ್ದಿತು ಎಂಬ ಲೆಕ್ಕ. ನನ್ನ ತರಗತಿ ನಕ್ಕದ್ದೂ ಇದೇ ಲೆಕ್ಕದಿಂದ. ಕಾದಂಬರಿಯಲ್ಲಿ ರೋಡಾ ಬದುಕುಳಿಯುತ್ತಾಳೆ. ಅಪರಾಧಕ್ಕೆ ಶಿಕ್ಷೆಯಾಗಲೇಬೇಕೆಂಬ ಅಂದಿನ ಹಾಲಿವುಡ್ ಸಂಹಿತೆಯಿಂದಾಗಿ ಚಿತ್ರದಲ್ಲಿ ಸಿಡಿಲು ಬಡಿದು ಸಾಯುತ್ತಾಳೆ. ಬೀಜವೇ ಕೆಟ್ಟದ್ದು ಎಂದ ಮೇಲೆ ಕಿತ್ತೆಸೆಯುವುದೊಂದೇ ಉಳಿಯುವ ದಾರಿ. ಅಲ್ಲಿ ಕಲಿಸುವವರಿಗೆ ಕೆಲಸವಿಲ್ಲ.

ಮರುಪಾಠ

ಮುಂದಿನ ಅವಧಿಯಲ್ಲಿ ಚಿತ್ರದ ಮಾತು ಎತ್ತಲಿಲ್ಲ. ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, "ಎತ್ತರದವರು ಮುಗಿದು ಗಿಡ್ಡವರು ಶುರುವಾಗುವುದು ಎಲ್ಲಿ?" ಎಂದು ಕೇಳಿದೆ. ಗೆರೆ ಎಳೆಯಲು ಯಾರಿಗೂ ಆಗಲಿಲ್ಲ. ಮೆಂಡೆಲ್ ಆರಿಸಿಕೊಂಡದ್ದು ಸ್ಪಷ್ಟವಾಗಿ ಎರಡೇ ರೂಪವಿರುವ ಗುಣಗಳನ್ನು. ಮನುಷ್ಯರ ಎತ್ತರಕ್ಕೆ ಅನೇಕ ವಂಶವಾಹಿಗಳು, ಊಟ, ಕಾಯಿಲೆ ಎಲ್ಲವೂ ಸೇರುತ್ತವೆ ಎಂದು ವಿವರಿಸಿದೆ. ಸ್ವಭಾವದಲ್ಲೂ ಅನುವಂಶೀಯತೆಗೆ ಪಾಲಿದೆ. ಆದರೆ ಕಳ್ಳತನ ಒಬ್ಬರು ಮಾಡುವ ಕೆಲಸ, ಅದಕ್ಕೆ ಬಟಾಣಿಯ ಲೆಕ್ಕ ಹಾಕಬಾರದು ಎಂದೆ.

"ನಾನು ಕೇಳಿದ್ದು ತಪ್ಪಾ ಮಿಸ್?" ಎಂದ ಆ ಹುಡುಗ.

"ಕೇಳಿದ್ದು ತಪ್ಪಲ್ಲ. ಅವತ್ತೇ ನಾನು ಉತ್ತರ ಕೊಡದೇ ಇದ್ದದ್ದು ತಪ್ಪು."

ಕೊನೆಯ ಬೆಂಚಿನ ಹುಡುಗ ಸಾಲಿನಲ್ಲಿ ನಿಂತಿದ್ದ, ಏನೂ ಮಾತಾಡಲಿಲ್ಲ.

ನಾನು ಕಲಿತದ್ದು

ಆ ಸಂಜೆ ನನ್ನ ಮೌಲ್ಯಮಾಪನ ಪಟ್ಟಿಯನ್ನು ತೆಗೆದು ನೋಡಿದೆ. 'ನಡತೆ' ಕಾಲಂನಲ್ಲಿ ನಾನು 'ಉತ್ತಮ' ಎಂದು ಬರೆದವರೆಲ್ಲ ಅಕ್ಷರ ದುಂಡಗಿರುವವರೇ. ಅವನ ಹೆಸರಿನ ಎದುರು 'ಸಾಧಾರಣ' ಎಂದಿತ್ತು. ಮೂರು ವಾರಗಳಲ್ಲಿ ಅವನೊಂದಿಗೆ ನಾನು ಒಂದು ಮಾತೂ ಆಡಿರಲಿಲ್ಲ. ಆ ಕಾಲಂ ಅಳಿಸಿದ್ದೇನೆ. ಉಳಿದ ವಾರಗಳಲ್ಲಿ ಮಾತಾಡಿಸಿದ ಮೇಲೆಯೇ ತುಂಬಬೇಕು.