ಮನೆಯ ಬೇಲಿ: ಗುಂಡಿ ತೋಡುವ ಮುನ್ನ ಗಡಿ ತಿಳಿಯುವುದು

ಪಾಠದ ಉದ್ದೇಶ

ಗ್ರಾಮೀಣ ಪ್ರದೇಶದಲ್ಲಿ ವಾಸದ ಮನೆಗೆ ಬೇಲಿ ಹಾಕಿಸುವ ಕುಟುಂಬಗಳು ಗಡಿಯನ್ನು ನಿಶ್ಚಯಿಸುವ, ಸಾಮಗ್ರಿಯನ್ನು ಅಂದಾಜಿಸುವ ಹಾಗೂ ಕಂಬ ನೆಡುವ ಕ್ರಮವನ್ನು ವಿವರಿಸುವುದು ಈ ಪಾಠದ ಉದ್ದೇಶವಾಗಿದೆ.

ಬೇಲಿಯು ಹಿತ್ತಲನ್ನು ದನಕರುಗಳಿಂದ ಕಾಯುತ್ತದೆ. ಎಳೆಯ ಮಕ್ಕಳು ರಸ್ತೆಗೆ ಓಡದಂತೆ ತಡೆಯುತ್ತದೆ. ಅದೇ ಬೇಲಿ ಒಂದು ಅಡಿ ಆಚೆ ಸರಿದರೆ ಅಕ್ಕಪಕ್ಕದ ಎರಡು ಮನೆಗಳ ಮಾತುಕತೆ ನಿಲ್ಲುತ್ತದೆ. ಓಣಿಯ ಅಗಲ ಒಂದು ಅಡಿ ಕುಗ್ಗಿದ್ದು ನಿತ್ಯದ ಓಡಾಟದಲ್ಲಿ ಯಾರ ಗಮನಕ್ಕೂ ಬಾರದಿರಬಹುದು. ಹೆರಿಗೆ ನೋವು ಕಾಣಿಸಿಕೊಂಡ ರಾತ್ರಿ ಆಂಬುಲೆನ್ಸ್ ಓಣಿಯ ಬಾಯಲ್ಲಿಯೇ ನಿಂತಾಗ ಅದು ಎಲ್ಲರಿಗೂ ತಿಳಿಯುತ್ತದೆ. ಆದುದರಿಂದ ಬೇಲಿಯ ಕೆಲಸದಲ್ಲಿ ಮೊದಲ ಸ್ಥಾನ ಹಾರೆ ಗುದ್ದಲಿಗಳಿಗಲ್ಲ, ದಾಖಲೆ ಮತ್ತು ಅಳತೆಯ ಟೇಪಿಗೆ.

1. ಗಡಿಯ ನಿಶ್ಚಯ

ಮೊದಲಿಗೆ ಸ್ವತ್ತಿನ ದಾಖಲೆಯನ್ನು ಪರಿಶೀಲಿಸತಕ್ಕದ್ದು. ಇ-ಸ್ವತ್ತು ತಂತ್ರಾಂಶದ ಮೂಲಕ ದೊರೆಯುವ ನಮೂನೆ 9 ಮತ್ತು 11ಎ, ಅಥವಾ ನಮೂನೆ 11ಬಿ ಹಾಗೂ ಕ್ರಯಪತ್ರದಲ್ಲಿರುವ ಅಳತೆ ಮತ್ತು ಚಕ್ಕುಬಂದಿಯನ್ನು ಒಂದಕ್ಕೊಂದು ತಾಳೆ ನೋಡಬೇಕು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಮೂಲಕ ಅಳತೆಯಾದ ಗ್ರಾಮಗಳಲ್ಲಿ ಆಸ್ತಿ ಕಾರ್ಡಿನ ನಕ್ಷೆಯೂ ನೆರವಾಗುತ್ತದೆ. ಮನೆಯು ಗ್ರಾಮಠಾಣಾದ ಹೊರಗೆ ಸರ್ವೆ ನಂಬರಿನ ಜಮೀನಿನಲ್ಲಿದ್ದು ಗಡಿಯ ಬಗ್ಗೆ ಸಂದೇಹವಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸುವುದು ಸರಿಯಾದ ಮಾರ್ಗ.

ಎರಡನೆಯದಾಗಿ, ದಾಖಲೆಯಲ್ಲಿ ಕಾಣದ ಹಕ್ಕುಗಳನ್ನೂ ಗಮನಿಸಬೇಕು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಒಬ್ಬರ ಜಾಗದ ಮೂಲಕ ಇನ್ನೊಬ್ಬರು 20 ವರ್ಷಗಳ ಕಾಲ ಹಕ್ಕಿನಿಂದ, ಬಹಿರಂಗವಾಗಿ, ಶಾಂತಿಯುತವಾಗಿ ಮತ್ತು ಅಡೆತಡೆಯಿಲ್ಲದೆ ನಡೆದಾಡಿದ್ದರೆ ಆ ದಾರಿಯ ಮೇಲೆ ಅವರಿಗೆ ಹಕ್ಕು ಪ್ರಾಪ್ತವಾಗಬಹುದು. ಮೇಲಿನ ಜಾಗದಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯುವುದನ್ನೂ ಇದೇ ಕಾಯ್ದೆ ಮಾನ್ಯ ಮಾಡುತ್ತದೆ. ಹೀಗಾಗಿ ಹಿಂದಿನಿಂದ ಇರುವ ಕಾಲುದಾರಿ ಮತ್ತು ನೀರಿನ ಹರಿವನ್ನು ಬೇಲಿಯಿಂದ ಮುಚ್ಚಬಾರದು.

ಮೂರನೆಯದಾಗಿ, ಅಳತೆಯ ದಿನ ಅಕ್ಕಪಕ್ಕದ ಮನೆಯವರನ್ನು ಕರೆಯಿಸಿ ಅವರ ಸಮಕ್ಷಮ ಮೂಲೆಗಳಿಗೆ ಗೂಟ ಹೊಡೆಯಬೇಕು. ಒಪ್ಪಿದ ಗಡಿಯನ್ನು ಕಾಗದದಲ್ಲಿ ಬರೆದು ಉಭಯತ್ರರೂ ಸಹಿ ಮಾಡುವುದು ಲೇಸು. ಬೇಲಿಯ ಬದಲು ಕಾಂಪೌಂಡ್ ಗೋಡೆ ಕಟ್ಟುವ ಉದ್ದೇಶವಿದ್ದಲ್ಲಿ ಅನುಮತಿಯ ಬಗ್ಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.

2. ಬೇಲಿಯ ಆಯ್ಕೆ

ಬಯಲುಸೀಮೆಯಲ್ಲಿ ಕಲ್ಲುಕಂಬ ಮತ್ತು ತಂತಿ ಜಾಲರಿ, ಮಲೆನಾಡಿನಲ್ಲಿ ಅಗಳು ಮತ್ತು ಗಿಡಗಳ ಬೇಲಿ, ಕರಾವಳಿಯಲ್ಲಿ ಕೆಂಪುಕಲ್ಲಿನ ಪಾಗಾರ ರೂಢಿಯಲ್ಲಿವೆ. ಹಣದ ಅನುಕೂಲ ಕಡಿಮೆಯಿರುವ ಕುಟುಂಬಕ್ಕೆ ಜೀವಂತ ಬೇಲಿ ಉತ್ತಮ. ಗ್ಲಿರಿಸಿಡಿಯಾ ಅಥವಾ ಗೊಬ್ಬರದ ಗಿಡದ ಮೂರು ನಾಲ್ಕು ಅಡಿ ಉದ್ದದ ಬಲಿತ ಕಡ್ಡಿಗಳನ್ನು ಮುಂಗಾರಿನ ಆರಂಭದಲ್ಲಿ ಅಡಿಗೊಂದರಂತೆ ನೆಟ್ಟರೆ ಬೇಗ ಚಿಗುರುತ್ತವೆ. ಸವರಿದ ಸೊಪ್ಪು ಹಸಿರೆಲೆ ಗೊಬ್ಬರವಾಗುತ್ತದೆ. ದಾಸವಾಳ, ಲಕ್ಕಿ, ಆಡುಸೋಗೆಗಳೂ ಬೇಲಿಗೆ ಒದಗುತ್ತವೆ. ಕಳ್ಳಿಯ ಹಾಲು ಕಣ್ಣಿಗೆ ತೀವ್ರ ಹಾನಿ ಮಾಡುವುದರಿಂದಲೂ, ಲಂಟಾನದ ಸೊಪ್ಪು ದನಗಳಿಗೆ ವಿಷವಾಗಿರುವುದರಿಂದಲೂ ಮಕ್ಕಳು ಮತ್ತು ರಾಸುಗಳಿರುವ ಮನೆಯಂಗಳಕ್ಕೆ ಇವು ತಕ್ಕುದಲ್ಲ.

3. ಅಂದಾಜಿನ ಒಂದು ಉದಾಹರಣೆ

30 × 40 ಅಡಿ ನಿವೇಶನಕ್ಕೆ ಕಲ್ಲುಕಂಬ ಮತ್ತು ಜಾಲರಿಯ ಬೇಲಿ ಹಾಕುವುದೆಂದು ಭಾವಿಸೋಣ. ಸುತ್ತಳತೆ 140 ಅಡಿ. ಮುಂಭಾಗದ ಒಂದು ಮೂಲೆಯಲ್ಲಿ 10 ಅಡಿಯ ಗೇಟು ಬಿಟ್ಟರೆ ಬೇಲಿಗೆ ಉಳಿಯುವುದು 130 ಅಡಿ. ಕಂಬಗಳ ನಡುವಿನ ಅಂತರ 8 ಅಡಿ ಮೀರಬಾರದೆಂದು ಇಟ್ಟುಕೊಂಡರೆ, 40 ಅಡಿಯ ಎರಡು ಬದಿಗಳಲ್ಲಿ ತಲಾ 5, ಹಿಂಬದಿಯಲ್ಲಿ 4, ಮುಂಭಾಗದ 20 ಅಡಿಯಲ್ಲಿ 3 ಮತ್ತು ಗೇಟಿನದು 1, ಒಟ್ಟು 18 ಅಂಕಣಗಳಾಗುತ್ತವೆ. ಸುತ್ತು ಕೂಡುವ ಬೇಲಿಯಲ್ಲಿ ಅಂಕಣಗಳೆಷ್ಟೋ ಕಂಬಗಳೂ ಅಷ್ಟೇ. ಆದ್ದರಿಂದ 18 ಕಂಬಗಳು ಬೇಕು. ಮೂಲೆಗಳಿಗೆ ಆನಿಸುವ ಓರೆಕಂಬಗಳು ಈ ಲೆಕ್ಕಕ್ಕೆ ಸೇರಿಲ್ಲ.

ಒಂದು ಅಡಿ ಚೌಕದ, ಎರಡು ಅಡಿ ಆಳದ ಗುಂಡಿಗೆ 2 ಘನ ಅಡಿಯಂತೆ 18 ಗುಂಡಿಗಳಿಗೆ 36 ಘನ ಅಡಿ, ಅಂದರೆ ಸುಮಾರು ಒಂದು ಘನ ಮೀಟರ್ ಕಾಂಕ್ರೀಟ್ ಹಿಡಿಯುತ್ತದೆ. 1:3:6ರ ಮಿಶ್ರಣಕ್ಕೆ 4ರಿಂದ 5 ಚೀಲ ಸಿಮೆಂಟ್ ಸಾಕಾಗುತ್ತದೆ. ಈ ಲೆಕ್ಕ ತಿಳಿದ ಕುಟುಂಬಕ್ಕೆ ಗುತ್ತಿಗೆದಾರರ ದರಪಟ್ಟಿಯನ್ನು ತಾನೇ ತೂಗಿ ನೋಡಲು ಸಾಧ್ಯ.

4. ನೆಡುವ ಕ್ರಮ

(ಅ) ನಾಲ್ಕು ಮೂಲೆಗಳ ಗೂಟಗಳಿಗೆ ದಾರ ಕಟ್ಟಿ ಎರಡೂ ಕರ್ಣಗಳನ್ನು ಅಳೆಯಬೇಕು. 30 × 40 ಅಡಿಯ ಚೊಕ್ಕ ಆಯತದಲ್ಲಿ ಪ್ರತಿ ಕರ್ಣವೂ 50 ಅಡಿ ಇರುತ್ತದೆ. ವ್ಯತ್ಯಾಸ ಕಂಡುಬಂದರೆ ಗೂಟವನ್ನು ತಾವೇ ಸರಿಸದೆ ದಾಖಲೆಯನ್ನು ಮರಳಿ ನೋಡಬೇಕು.

(ಆ) ಗುಂಡಿಯ ಹೊರ ಅಂಚು ದಾರಕ್ಕಿಂತ ಒಳಗಿರಬೇಕು. ಕಂಬ ಒಳಗಿದ್ದು ಅದರ ಕಾಂಕ್ರೀಟ್ ಪಾದ ನೆರೆಯವರ ನೆಲದಲ್ಲಿದ್ದರೂ ಅದು ಒತ್ತುವರಿಯೇ. ಅಂದಾಜಿಗೆ ಹೊರ ಅಳತೆಯನ್ನೇ ಹಿಡಿದಿರುವುದರಿಂದ ಸಾಮಗ್ರಿ ಕೊರತೆಯಾಗದು.

(ಇ) ಮೊದಲು ಮೂಲೆ ಮತ್ತು ಗೇಟಿನ ಕಂಬಗಳನ್ನು ತೂಕದ ಗುಂಡು ಹಿಡಿದು ನೇರವಾಗಿ ನಿಲ್ಲಿಸಿ, ಅವುಗಳ ನಡುವೆ ದಾರ ಎಳೆದು ಉಳಿದವನ್ನು ನೆಡಬೇಕು. ಜಾಲರಿಯ ಎಳೆತವೆಲ್ಲ ಮೂಲೆಯ ಕಂಬಗಳ ಮೇಲೆ ಬೀಳುವುದರಿಂದ ಅವುಗಳಿಗೆ ಬೇಲಿಯ ಎರಡೂ ದಿಕ್ಕಿನಲ್ಲಿ ಓರೆಕಂಬಗಳನ್ನು ಕೊಡುವುದು ಅವಶ್ಯ.

(ಈ) ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಿ, ಆನಂತರವೇ ಮೇಲೆ, ನಡುವೆ ಮತ್ತು ಕೆಳಗೆ ಸತು ಲೇಪಿತ ತಂತಿಗಳನ್ನು ಬಿಗಿದು ಜಾಲರಿ ಕಟ್ಟಬೇಕು.

5. ಎಚ್ಚರಿಕೆ

ಕಾಡುಹಂದಿ ಅಥವಾ ಕಳ್ಳರ ಭಯದಿಂದ ಮನೆಯ ವಿದ್ಯುತ್ತನ್ನು ಬೇಲಿಗೆ ಹರಿಸುವುದು ಕಾನೂನುಬಾಹಿರ ಹಾಗೂ ಪ್ರಾಣಾಂತಿಕ. ಕತ್ತಲಲ್ಲಿ ಆ ತಂತಿಯನ್ನು ಮೊದಲು ಮುಟ್ಟುವವರು ಮನೆಯ ಮಗುವೇ ಆಗಿರಬಹುದು. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿಯು ಲೋಹದ ಜಾಲರಿಗೆ ಎಲ್ಲಿಯೂ ತಾಗದಂತೆ ನೋಡಿಕೊಳ್ಳಬೇಕು.

ಪುನರಾವಲೋಕನ

1. ಚಕ್ಕುಬಂದಿಯನ್ನು ಯಾವ ದಾಖಲೆಗಳಲ್ಲಿ ತಾಳೆ ನೋಡಬೇಕು?
2. 20 × 30 ಅಡಿ ನಿವೇಶನದ ಎರಡೂ ಕರ್ಣಗಳು ಸಮನಾಗಿಲ್ಲದಿದ್ದರೆ ಏನು ಮಾಡಬೇಕು?
3. ಮೂಲೆಯ ಕಂಬಕ್ಕೆ ಎರಡು ದಿಕ್ಕಿನಲ್ಲಿ ಆಧಾರ ಏಕೆ ಬೇಕು?
4. ತಮ್ಮ ಓಣಿಯ ಅಗಲವನ್ನು ಅಳೆದು, ಆಂಬುಲೆನ್ಸ್ ಸರಾಗವಾಗಿ ಬರಬಲ್ಲುದೇ ಎಂಬುದನ್ನು ವಾರ್ಡ್ ಸಭೆಯಲ್ಲಿ ಚರ್ಚಿಸಿರಿ.